ಏರಿಯ ಮೇಲೆ ನಾಲ್ಕು ಮೊಟ್ಟೆ

ದುಬಲಗುಂಡಿ ಕಡೆಯಿಂದ ಹುಮನಾಬಾದಿಗೆ ಬರುವ ನಮ್ಮ ರಸ್ತೆ ಮೂರು ಕಿಲೋಮೀಟರಿನಷ್ಟು ದೂರ ಕೃಷ್ಣಮೃಗಗಳ ಹುಲ್ಲುಗಾವಲಿನೊಳಗಿಂದ ಹಾಯುತ್ತದೆ. ಅದು ಸಂರಕ್ಷಿತ ಪ್ರದೇಶ. ಅಲ್ಲಿ ಹಳೆಯ ರಸ್ತೆ ಕಿತ್ತು ಎತ್ತರಿಸಿ ಕಟ್ಟುವುದಕ್ಕೆ ಸರ್ಕಾರ ಮೂವತ್ತೊಂದು ಷರತ್ತು ಹಾಕಿ ಅನುಮತಿ ಕೊಟ್ಟಿತು. ಮೊದಲನೆಯದು, ಹಾರ್ನ್ ಹೊಡೆಯಬಾರದು. ಎರಡನೆಯದು, ಸಂಜೆ ಆರರ ಮೇಲೆ ಯಂತ್ರ ನಡೆಸಬಾರದು. ಮೂರನೆಯದು ನಾನು.

‘ಪದವಿ ಪಡೆದ ಪರಿಸರ ಮೇಲ್ವಿಚಾರಕರೊಬ್ಬರನ್ನು ಸ್ಥಳದಲ್ಲಿ ಇರಿಸತಕ್ಕದ್ದು’ ಎಂದು ಅದರಲ್ಲಿ ಬರೆದಿತ್ತು. ಪೆಟ್ರೋಲ್ ಬಂಕಿನಲ್ಲಿ ಉಸುಕಿನ ಬಕೆಟ್ ಇರಿಸುತ್ತಾರಲ್ಲ, ಹಾಗೆ ಕಂಪನಿ ನನ್ನನ್ನು ಇರಿಸಿತು. ಬಸವಕಲ್ಯಾಣದಲ್ಲಿ ಬಿ.ಎಸ್ಸಿ., ಕಲಬುರಗಿಯಲ್ಲಿ ಎಂ.ಎಸ್ಸಿ. ಮಾಡಿ ಎರಡು ವರ್ಷ ಮನೆಯಲ್ಲಿ ಕೂತಿದ್ದ ನನಗೆ ಬಕೆಟ್ ಆಗುವುದರಲ್ಲಿ ತಕರಾರೇನೂ ಇರಲಿಲ್ಲ. ತಗಡಿನ ಶೆಡ್ಡಿನಲ್ಲಿ ಒಂದು ಟೇಬಲ್ಲು, ಒಂದು ಸೀಲು, ‘ಸುಮೇಧಾ ಮಚ್ಚೇಂದ್ರ’ ಎಂಬ ಬೋರ್ಡು ಕೊಟ್ಟರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ನಾನು ಟ್ಯಾಂಕರಿನವನು ಧೂಳಿಗೆ ನೀರು ಹೊಡೆದನೋ, ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿದರೋ, ಜಿಂಕೆಗಳು ದಾಟುವ ಹೊತ್ತಿಗೆ ಟಿಪ್ಪರ್ ನಿಲ್ಲಿಸಿದರೋ ನೋಡಿ ಬರೆಯುತ್ತಿದ್ದೆ. ಕೂಲಿಯವರು ನನಗೆ ‘ಧೂಳ ಮೇಡಂ’ ಎಂದು ಹೆಸರಿಟ್ಟಿದ್ದರು. ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಹಾಗಾಗಿ ನಾನು ಬಹಳ ನಿಜ ಬರೆಯುತ್ತಿದ್ದೆ.

ನಮ್ಮೂರಿನ ಹೊಲಗಳ ಪಕ್ಕದಲ್ಲಿ ರಸ್ತೆ ಒಂದು ಹಳ್ಳವನ್ನು ದಾಟುತ್ತದೆ. ಅಲ್ಲಿ ಮೋರಿಗೆ ದೊಡ್ಡ ಸಿಮೆಂಟ್ ಪೈಪು ಇಡಬೇಕಿತ್ತು. ಪೈಪು ಬರುವುದು ತಡವಾಯಿತು. ಕಾಯುತ್ತ ಕೂಡುವುದೇಕೆಂದು ಕಂಪನಿಯವರು ಹಳ್ಳದ ಮೇಲೆಯೂ ಆಳೆತ್ತರ ಮುರುಮು ಮಣ್ಣು ಹಾಕಿ ಏರಿ ಮಾಡಿಬಿಟ್ಟರು. ಪೈಪು ಬಂದ ಮೇಲೆ ಏರಿಯನ್ನು ಅಗೆದು ಇಡುವುದು ಅವರ ಲೆಕ್ಕ. ಮೇ ಇಪ್ಪತ್ತರಂದು ಪೈಪು ಬಂತು. ಅವತ್ತೇ ಬೆಳಿಗ್ಗೆ ಏರಿಯ ನೆತ್ತಿಯ ಮೇಲೆ, ಸರಿಯಾಗಿ ಹಳ್ಳದ ನೇರಕ್ಕೆ, ಖಡಿ ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ ಕಂಡವು. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಟಿಟ್ಟಿಭದ ಮೊಟ್ಟೆ. ತಾಯಿ ನನ್ನ ತಲೆಯ ಮೇಲೆ ಸುತ್ತು ಹಾಕಿ ಬಾಯಿಗೆ ಬಂದಂತೆ ಬೈಯಿತು.

ಷರತ್ತು ಹದಿನಾಲ್ಕು ನನಗೆ ಬಾಯಿಪಾಠವಿತ್ತು. ನೆಲದ ಮೇಲೆ ಗೂಡು ಮಾಡುವ ಪಕ್ಷಿಯ ಮೊಟ್ಟೆ ಕಂಡರೆ ಎರಡೂ ಬದಿ ಐವತ್ತು ಮೀಟರ್ ಕೆಲಸ ನಿಲ್ಲಬೇಕು, ಮರಿ ಜಾಗ ಬಿಡುವವರೆಗೆ ಯಂತ್ರ ಬರಬಾರದು. ತುರ್ತು ಬಂದರೆ ಮಾತ್ರ ಮೇಲ್ವಿಚಾರಕರು ಕಾರಣ ಬರೆದು ಸಡಿಲಿಸಬಹುದು. ನಾನು ಕೆಲಸ ನಿಲ್ಲಿಸುವ ಆದೇಶ ಬರೆದು, ಸಹಿ ಮಾಡಿ, ಸೀಲು ಒತ್ತಿದೆ. ಜೆಸಿಬಿ ನಿಂತಿತು. ಅದು ನಿಲ್ಲುತ್ತದೆಂದು ನಾನೇ ನಂಬಿರಲಿಲ್ಲ.

ಸೈಟ್ ಇಂಜಿನಿಯರ್ ಬಸವಕಿರಣ ಬಸವಕಲ್ಯಾಣದವನು, ಕೆಟ್ಟವನಲ್ಲ. ಇಪ್ಪತ್ತೆಂಟು ದಿನ ಕಾವು ಕೊಡುತ್ತದೆ ಎಂದಾಗ ಅವನು ಕ್ಯಾಲೆಂಡರ್ ನೋಡಿ, ಅಷ್ಟೊತ್ತಿಗೆ ಮಳೆಗಾಲ ಬಂದಿರುತ್ತದೆ ಎಂದ. ಮೊಟ್ಟೆಗಳನ್ನು ಸಲಿಕೆಯಲ್ಲಿ ಎತ್ತಿ ಮೆಲ್ಲಗೆ ಕೆಳಗೆ ಹೊಲದ ಅಂಚಿಗೆ ಇಟ್ಟರಾಯಿತಲ್ಲ ಎಂದೂ ಅಂದ. ಹಾಗೆ ಇಟ್ಟರೆ ಹಕ್ಕಿ ತನ್ನ ಮೊಟ್ಟೆಯನ್ನು ಗುರುತಿಸುವುದಿಲ್ಲ ಎಂದು ನಾನು ವಾದ ಮಾಡುವ ಅಗತ್ಯ ಬರಲಿಲ್ಲ. ಅಷ್ಟರಲ್ಲಿ ಊರಿಗೆ ಸುದ್ದಿ ಹೋಗಿತ್ತು.

ನಮ್ಮ ಕಡೆ ಟಿಟ್ಟಿಭಕ್ಕೆ ಟಿಟವಿ ಎನ್ನುತ್ತಾರೆ. ಅದು ಎಷ್ಟು ಎತ್ತರದಲ್ಲಿ ಮೊಟ್ಟೆ ಇಡುತ್ತದೋ ಆ ವರ್ಷ ಅಷ್ಟು ಮಳೆ. ಎಷ್ಟು ಮೊಟ್ಟೆಯೋ ಅಷ್ಟು ತಿಂಗಳು. ತಗ್ಗಿನಲ್ಲಿ ಇಟ್ಟರೆ ಬರ. ಇಷ್ಟು ವರ್ಷ ಅದಕ್ಕೆ ಸಿಕ್ಕ ಎತ್ತರವೆಂದರೆ ಹೊಲದ ಒಡ್ಡು. ಈಗ ಆಳೆತ್ತರದ ಏರಿ, ಅದರ ಮೇಲೆ ನಾಲ್ಕು. ಮುದುಕರು ತಮ್ಮ ಜನ್ಮದಲ್ಲಿ ಇಂಥದ್ದು ನೋಡಿಲ್ಲ ಎಂದರು. ಮುಡಬಿಯಿಂದ ಜನ ಆಟೋ ಮಾಡಿಕೊಂಡು ಬಂದು ನೋಡಿಹೋದರು. ಎತ್ತರ ಮಾಡಿದ್ದು ಕಂಪನಿ, ಹಕ್ಕಿಯಲ್ಲ ಎಂದು ನಾನು ಎಲ್ಲರಿಗೂ ಬಿಡಿಸಿ ಹೇಳಿದೆ. ಎಲ್ಲರೂ ಕೇಳಿಸಿಕೊಂಡರು. ಮೊಟ್ಟೆಯನ್ನು ಕೆಳಗಿಟ್ಟರೆ ಮಳೆಯೂ ಕೆಳಗಿಳಿಯುತ್ತದೆ, ಮುಟ್ಟಿದವರ ಕೈ ಮುರಿಯುತ್ತೇವೆ ಎಂದು ಬಸವಕಿರಣನಿಗೆ ತಿಳಿಸಿದರು. ಅವನ ತಾಯಿಯೂ ಫೋನ್ ಮಾಡಿ ಮೊಟ್ಟೆ ನಾಲ್ಕೋ ಮೂರೋ ಎಂದು ವಿಚಾರಿಸಿದರು. ಆಮೇಲೆ ಅವನು ಸಲಿಕೆಯ ಮಾತು ಎತ್ತಲಿಲ್ಲ.

ಪೈಪಿಲ್ಲದ ಏರಿ ಎಂದರೆ ಒಂದು ಒಡ್ಡು. ಮಳೆ ಬಂದರೆ ಹಳ್ಳದ ನೀರು ಮುಂದೆ ಹೋಗದೆ ಹಿಂದಕ್ಕೆ ನಿಲ್ಲುತ್ತದೆ. ಏರಿಗೆ ಹತ್ತಿಕೊಂಡಂತೆ ದ್ರೌಪತಿ ಕಾಕುನ ಒಂದು ಎಕರೆ ಇದೆ. ಅದರ ಪಕ್ಕದಲ್ಲಿ ನಮ್ಮಪ್ಪನ ಎರಡು ಎಕರೆ. ಜನ ಕೈಮುಗಿದು ಕಾಯುತ್ತಿದ್ದ ಮಳೆ ಬಂದರೆ ಮೊದಲು ಮುಳುಗುವುದು ಈ ಮೂರು ಎಕರೆ. ದ್ರೌಪತಿ ಕಾಕು ನನಗೆ ಚಿಕ್ಕಮ್ಮನ ಹಾಗೆ. ಗಂಡನಿಲ್ಲದ ಹೆಂಗಸು, ಒಬ್ಬಳೇ ಗೇಯುತ್ತಾಳೆ. ಅವಳು ಕೋಲು ಹಿಡಿದು ನಾಯಿಗಳು ಮೊಟ್ಟೆಯ ಹತ್ತಿರ ಬರದಂತೆ ಕಾಯುತ್ತ ಕೂತಿದ್ದಳು. ಕಾಕು, ನೀನು ಕಾಯುತ್ತಿರುವುದು ನಿನ್ನ ಹೊಲ ಮುಳುಗಿಸುವುದನ್ನು ಎಂದೆ.

“ಗೊತ್ತದ ಯವ್ವಾ,” ಎಂದಳು. “ಮಳಿ ಬಂದ್ರ ನಂದು ಮುಳುಗ್ತದ, ಬರದಿದ್ರ ಒಣಗ್ತದ. ಮುಳುಗಿದ್ರ ಊರಾಗ ಬ್ಯಾರೆಯವ್ರ ಹೊಲ್ದಾಗರ ಕೂಲಿ ಸಿಗ್ತದ.”

ನಾನು ಅದನ್ನೂ ಅವತ್ತಿನ ರಿಜಿಸ್ಟರಿನಲ್ಲಿ ಬರೆದುಕೊಂಡೆ.

ನಿಂತ ಜೆಸಿಬಿ ಮಹಾರುದ್ರಪ್ಪನವರದು, ನಿಂತಷ್ಟು ದಿನ ಬಾಡಿಗೆ ಇಲ್ಲ. ಅರವತ್ತು ಎಕರೆ ಜಮೀನು, ಹುಮನಾಬಾದಿನಲ್ಲಿ ಅಡತಿ ಅಂಗಡಿ. ಅಪ್ಪ ಮದುವೆಗೆ ಮುಂಚೆ ಆರು ವರ್ಷ ಅವರ ಮನೆಯಲ್ಲಿ ಆಳಾಗಿದ್ದ. ಆಗಿನಿಂದ ಅಪ್ಪ ಅವರ ಬಾಯಲ್ಲಿ ‘ಮಚ್ಚ್ಯಾ’. ನಾನು ಆದೇಶ ಕೊಟ್ಟ ಮೂರನೆಯ ದಿನ ಅವರು ಮೊದಲ ಸಲ ನಮ್ಮ ಓಣಿಗೆ ಬಂದರು. ಬೈಕಿನಿಂದ ಇಳಿದು, “ಮಚ್ಚೇಂದ್ರಪ್ಪನವರೆ, ಮಗಳಿಗೆ ಜರಾ ಹೇಳ್ರಿ,” ಎಂದರು.  ಅಪ್ಪ, ಮೇಡಂ ಒಂಬತ್ತರಿಂದ ಐದೂವರೆ ತನಕ ಸೈಟಿನಲ್ಲಿ ಸಿಗುತ್ತಾರೆ, ಹೇಳುವುದನ್ನು ಅಲ್ಲೇ ಬರೆದು ಕೊಡಿ ಎಂದನಂತೆ. ಇದನ್ನು ಅವ್ವ ನನಗೆ ಹೇಳಿದ್ದು. ಹೇಳುವಾಗ ಅವಳ ಮುಖದಲ್ಲಿ ಸಿಟ್ಟೂ ಇತ್ತು, ನಗುವೂ ಇತ್ತು.

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಅವನಿಗೆ ಎರಡು ಎಕರೆ ಕರಿಮಣ್ಣು, ಮತ್ತು ಅರ್ಜಿ ಬರೆಯುವ ಚಟ. ನಲ್ಲಿ ನೀರು, ಬೀದಿ ದೀಪ, ಸ್ಮಶಾನದ ದಾರಿ, ನಮ್ಮ ಓಣಿಯಲ್ಲಿ ಏನೇನು ಇಲ್ಲವೋ ಅದಕ್ಕೆಲ್ಲ ಅಪ್ಪನ ಅರ್ಜಿಯ ನಕಲು ಇದೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಫೈಲಿಗೆ ಹೋಗುತ್ತದೆ ಎನ್ನುತ್ತಾನೆ. ಫೈಲಿಗೆ ಹೋದದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿಲ್ಲ. ಟಿಟವಿಯ ಮಾತನ್ನು ಅವನು ನಂಬುವುದಿಲ್ಲ. ಮೂಢನಂಬಿಕೆ ಬಿಡಬೇಕೆಂದು ಬುದ್ಧ ವಿಹಾರದಲ್ಲಿ ಭಾಷಣ ಮಾಡುತ್ತಾನೆ. ಆದರೂ ಮೊಟ್ಟೆ ನೋಡಲು ಬಂದಿದ್ದ. ಬರೀ ಎತ್ತರ ಅಳೆಯಲು ಬಂದೆ ಎಂದ.

ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಶೆಡ್ಡಿಗೆ ಬಂದ. ಬೆಳಿಗ್ಗೆ ನಾವಿಬ್ಬರೂ ಎದುರುಬದುರು ಕೂತು ರೊಟ್ಟಿ ತಿಂದಿದ್ದೆವು, ಆಗ ಏನೂ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತು, “ಜೈ ಭೀಮ್ ಮೇಡಂ, ಒಳಗ ಬರ್ಲೇನ್ರಿ?” ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಕುರ್ಚಿ ತೋರಿಸಿದರೂ ಕೂಡದೆ, ಎರಡೂ ಕೈಯಲ್ಲಿ ಅರ್ಜಿ ಕೊಟ್ಟ. ಏರಿಯಲ್ಲಿ ಪೈಪು ಇಡದಿದ್ದಲ್ಲಿ ಮಳೆ ನೀರು ನಿಂತು ತನ್ನ ಎರಡು ಎಕರೆ ಹಾಗೂ ನೆರೆಯ ಜಮೀನು ಹಾಳಾಗುವುದರಿಂದ, ದಯಾಳುಗಳಾದ ತಾವು ಷರತ್ತನ್ನು ಸಡಿಲಿಸಬೇಕು. ಕೆಳಗೆ ‘ತಮ್ಮ ವಿಶ್ವಾಸಿ’ ಎಂದು ಬರೆದು ಸಹಿ ಮಾಡಿದ್ದ. ಸ್ವೀಕೃತಿಗೆ ನಕಲಿನ ಮೇಲೆ ಸೀಲು ಬೇಕೆಂದ. ಒತ್ತಿ ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ ಕಿಸೆಯಲ್ಲಿ ಇಟ್ಟುಕೊಂಡು ಹೋದ.

ಎರಡು ದಿನ ಅರ್ಜಿಯನ್ನು ಟೇಬಲ್ಲಿನ ಮೇಲೆಯೇ ಇಟ್ಟುಕೊಂಡೆ. ಆಕಾಶದಲ್ಲಿ ಮೋಡವಿರಲಿಲ್ಲ, ಹಾಗಾಗಿ ತುರ್ತು ಇರಲಿಲ್ಲ. ಅರ್ಜಿದಾರ ಬೇರೆ ಯಾರಾದರೂ ಆಗಿದ್ದರೆ ಏನು ಬರೆಯುತ್ತಿದ್ದೆನೋ ಅದನ್ನೇ ಬರೆದೆ. ಸದರಿ ಅರ್ಜಿಯನ್ನು ವಜಾ ಮಾಡಲಾಗಿದೆ. ಮನೆಯಲ್ಲಿ ಕೈಗೆ ಕೊಡಲು ಹೋದರೆ ಅಪ್ಪ ತೆಗೆದುಕೊಳ್ಳಲಿಲ್ಲ, ಟಪಾಲಿಗೆ ಹಾಕು ಎಂದ. ಹಾಕಿದೆ. ನಾಲ್ಕು ಕಿಲೋಮೀಟರಿಗೆ ಅದು ಐದು ದಿನ ತೆಗೆದುಕೊಂಡಿತು. ಬಂದ ದಿನ ಅಪ್ಪ ಓದಿ, “ಭಾಷಾ ಚಲೋ ಅದ,” ಎಂದು ಅವ್ವನಿಗೆ ಹೇಳಿದ. ಅವ್ವ ಸುಂದರಬಾಯಿ ಸ್ಕೂಲಿಗೆ ಹೋದವಳಲ್ಲ. ಒಂದೇ ಒಲೆಯ ರೊಟ್ಟಿ ತಿಂದು ಒಬ್ಬರಿಗೊಬ್ಬರು ಟಪಾಲು ಹಾಕುವ ಮಂದಿಯನ್ನು ತಾನು ಎಲ್ಲೂ ನೋಡಿಲ್ಲ ಎಂದು ಇಬ್ಬರನ್ನೂ ಸೇರಿಸಿ ಬೈದಳು.

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಮುಂಚೆ ಎರಡು ಸಲ ಹದವಾದ ಮಳೆಯಾಯಿತು. ಊರೆಲ್ಲ ಬಿತ್ತಿತು. ಅಪ್ಪನೂ ಎರಡು ಎಕರೆಗೆ ಹೆಸರು ಬಿತ್ತಿದ. ವಜಾ ಆದಮೇಲೆ ಯಾಕೆ ಬಿತ್ತಿದೆ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಹೆಸರು ಎರಡೆಲೆ ಬಿಟ್ಟಿತು. ಏರಿಯ ಮೇಲೆ ಟಿಟ್ಟಿಭ ಕಾವಿಗೆ ಕೂತೇ ಇತ್ತು.

ಇಪ್ಪತ್ತೈದನೆಯ ದಿನ ನಸುಕಿಗೆ ಮಳೆ ಶುರುವಾಯಿತು. ಅದು ಹುಲ್ಲುಗಾವಲಿನ ಆಚೆ ತುದಿಯನ್ನೂ ಕಾಣಗೊಡಲಿಲ್ಲ. ಹತ್ತು ಗಂಟೆಗೆ ನಾನು ಸ್ಕೂಟಿಯನ್ನು ಕೆಸರಿನಲ್ಲಿ ದಬ್ಬಿಕೊಂಡು ಸೈಟಿಗೆ ಮುಟ್ಟಿದಾಗ ಮಳೆ ನಿಂತಿತ್ತು, ನೀರು ನಿಂತಿರಲಿಲ್ಲ. ಹಳ್ಳ ತುಂಬಿ ಬಂದು, ಏರಿಗೆ ಬಡಿದು, ಹಿಂದಕ್ಕೆ ಹರಡಿತ್ತು. ದ್ರೌಪತಿ ಕಾಕುನ ಹೊಲದಲ್ಲಿ ಮೊಣಕಾಲುದ್ದ ನೀರು. ನಮ್ಮ ಹೊಲದ ಒಡ್ಡನ್ನು ಹತ್ತಿ ಒಳಗೂ ನುಗ್ಗಿ ನಿಂತಿತ್ತು. ಮಹಾರುದ್ರಪ್ಪನವರು ಜೆಸಿಬಿ ಚಾಲೂ ಮಾಡಿಸಿ, ಇಪ್ಪತ್ತು ಜನರನ್ನು ಕಟ್ಟಿಕೊಂಡು ನಿಂತಿದ್ದರು. ಇಷ್ಟು ದಿನ ಮೊಟ್ಟೆ ಮುಟ್ಟಬೇಡಿ ಎಂದ ಜನವೇ. ಮಳೆ ಬಂದಾಗಿತ್ತು, ಮೊಟ್ಟೆಯ ಕೆಲಸ ಮುಗಿದಿತ್ತು. ಬಸವಕಿರಣ ಒಂದು ಬದಿಗೆ ನಿಂತು ಫೋನಿನಲ್ಲಿ ಏನನ್ನೋ ಹುಡುಕುತ್ತಿದ್ದ.

ಜೆಸಿಬಿಯ ಎದುರಿಗೆ, ಏರಿಯ ಮೇಲೆ, ಅಪ್ಪ ಒಬ್ಬನೇ ನಿಂತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ, ಕೆಲಸ ನಿಲ್ಲಿಸುವ ನನ್ನ ಆದೇಶದ ಪ್ರತಿ. ನೋಟಿಸ್ ಬೋರ್ಡಿನಿಂದ ಬಿಚ್ಚಿ ತಂದಿದ್ದ. ಅವನ ಹಿಂದೆ ಟಿಟ್ಟಿಭ ತೊಯ್ದು ತಪ್ಪಡಿಯಾಗಿ ಮೊಟ್ಟೆಯ ಮೇಲೆ ಕೂತಿತ್ತು.

“ನಿಂದೇ ಹೊಲ ಮುಳಗಾಕತ್ತದಲ್ಲೋ ಮಚ್ಚ್ಯಾ,” ಎಂದರು ಮಹಾರುದ್ರಪ್ಪನವರು. ಸಿಟ್ಟಿನಲ್ಲಿ ಹಳೆಯ ಹೆಸರು ಬಂದುಬಿಟ್ಟಿತ್ತು. “ನೀನೇ ಅಡ್ಡ ನಿಂತ್ರ ಹ್ಯಾಂಗ?”

ಅಪ್ಪ ದನಿ ಏರಿಸಲಿಲ್ಲ. “ಹೊಲ ಮುಂದಿನ ವರ್ಷ ಮತ್ತ ಬಿತ್ತತೀನ್ರಿ. ಆಕಿ ಸಹಿ ಮ್ಯಾಲ ಒಮ್ಮೆ ನಿಮ್ಮ ಗಾಡಿ ಹಾಯ್ತಂದ್ರ ಅದು ಮತ್ತ ಸಹಿ ಆಗಂಗಿಲ್ಲ.”

ನನಗೆ ಅಳು ಬಂತು. ಸಿಟ್ಟಿನ ಅಳು. ಎಂಟು ದಿನದ ಹೆಸರಿನ ಸಸಿ ನೀರಿನಲ್ಲಿ ಎಷ್ಟು ಹೊತ್ತು ಬದುಕುತ್ತದೆ ಎಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಇದು ತುರ್ತು, ಸಡಿಲಿಸುವ ಅಧಿಕಾರ ನನಗಿದೆ ಎಂದೆ. ಅವನು ನನ್ನ ಕಡೆ ತಿರುಗಿ ಚೀಲವನ್ನು ಎದೆಗೆ ಹಿಡಿದುಕೊಂಡ.

“ನನ್ನ ಸಲುವಾಗಿ ಏನೂ ಬರಿಬ್ಯಾಡ್ರಿ ಮೇಡಂ. ನನ್ನ ಅರ್ಜಿ ನೀವು ವಜಾ ಮಾಡೀರಿ. ಇವತ್ತ ಅಪ್ಪ ಅಂತ ಬರದ್ರ, ನಾಳಿಂದ ಎಲ್ಲಾರೂ ಯಾವುದರೆ ಒಂದು ಸಂಬಂಧ ಹೇಳ್ಕೊಂಡು ಬರ್ತಾರ.”

ನಾನು ಅಳತೆಯ ಟೇಪು ತರಿಸಿದೆ. ಬಸವಕಿರಣ ಒಂದು ತುದಿ ಹಿಡಿದ. ಗೂಡಿನಿಂದ ಐವತ್ತು ಮೀಟರಿನಾಚೆ ನೆಲ ಏರುತ್ತಿತ್ತು, ಅಲ್ಲಿ ನೀರೇ ಇರಲಿಲ್ಲ. ಏರಿ ಕಡಿದರೆ ನೀರು ಹೋಗುವಂಥ ಕೊನೆಯ ಜಾಗ ಮೂವತ್ತೆಂಟು ಮೀಟರಿಗೆ ಸಿಕ್ಕಿತು. ಹನ್ನೆರಡು ಮೀಟರ್ ಕಡಿಮೆ. ಸ್ಕೂಟಿಯ ಸೀಟಿನ ಮೇಲೆ ಕಾಗದವಿಟ್ಟು ಬರೆದೆ. ಕಾರಣ ಎಂಬಲ್ಲಿ ಇಬ್ಬರ ಹೆಸರನ್ನೂ ಬರೆದೆ, ದ್ರೌಪತಿಯವರ ಒಂದು ಎಕರೆ, ಮಚ್ಚೇಂದ್ರರ ಎರಡು ಎಕರೆ. ಅಪ್ಪ ಇಸಿದುಕೊಂಡು ಪ್ರತಿ ಸಾಲನ್ನೂ ಓದಿದ. ಎಲ್ಲರೂ ಅವನು ಓದಿ ಮುಗಿಸುವುದನ್ನು ಕಾಯ್ದರು, ಮಹಾರುದ್ರಪ್ಪನವರೂ ಕಾಯ್ದರು.

“ನನ್ನ ಹೆಸರು ತೆಗೀರಿ,” ಎಂದ. “ವಜಾ ಆದ ಅರ್ಜಿಗಿ ಎರಡನೇ ಹುಕುಂ ಇರಂಗಿಲ್ಲ. ದ್ರೌಪತಿ ಅರ್ಜಿನೇ ಕೊಟ್ಟಿಲ್ಲ, ಆಕಿದು ಬರೀಬಹುದು.”

ದ್ರೌಪತಿ ಕಾಕು ಸೀರೆ ಎತ್ತಿ ಕಟ್ಟಿ ನೀರಿನಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ವಾದ ಮಾಡುತ್ತ ಕೂತರೆ ಅವಳದೂ ಹೋಗುತ್ತಿತ್ತು. ನಾನು ಅಪ್ಪನ ಹೆಸರಿನ ಮೇಲೆ ಗೆರೆ ಎಳೆದು, ತಿದ್ದುಪಡಿಗೆ ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದೆ. ಅಷ್ಟಾದ ಮೇಲೆ ಅವನು ಜೆಸಿಬಿಗೆ ದಾರಿ ಬಿಟ್ಟ.

ಇಪ್ಪತ್ತು ನಿಮಿಷದ ಕೆಲಸ. ಏರಿ ಕಡಿದ ಕೂಡಲೇ ಕೆಂಪು ನೀರು ಭೋರೆಂದು ಆಚೆ ಬಿತ್ತು. ಟಿಟ್ಟಿಭಗಳೆರಡೂ ಮೇಲೆದ್ದು ಕಿರುಚುತ್ತ ಸುತ್ತಿದವು, ಜೆಸಿಬಿ ಹಿಂದೆ ಸರಿದ ಮೇಲೆ ಒಂದು ಬಂದು ಕೂತಿತು. ಮೂರು ದಿನಕ್ಕೆ ಮೂರು ಮರಿಯಾದವು, ಒಂದು ಮೊಟ್ಟೆ ಮರಿಯಾಗಲಿಲ್ಲ. ಹನ್ನೆರಡು ಮೀಟರಿನ ಬಾಬತ್ತು ಅದು ಎಂದು ನನಗನ್ನಿಸಿತು, ಹಾಗೇ ವರದಿಯಲ್ಲಿ ಬರೆದೆ. ಯಾರೂ ಓದಲಿಲ್ಲ.

ಅವತ್ತು ಮಧ್ಯಾಹ್ನದ ಹೊತ್ತಿಗೆ ದ್ರೌಪತಿ ಕಾಕುನ ಹೊಲದಲ್ಲಿ ಸಸಿಗಳ ತಲೆ ಕಂಡವು. ನಾನು ಶೆಡ್ಡಿಗೆ ಹೋಗಿ ಹನ್ನೊಂದು ಕಚೇರಿಗೆ ಆದೇಶದ ಪ್ರತಿ ಕಳಿಸುತ್ತ ಕೂತೆ. ನಾಲ್ಕು ಗಂಟೆಗೆ ಅವ್ವನ ಫೋನ್ ಬಂತು. ನೀರು ಎಲ್ಲರ ಹೊಲದಿಂದ ಇಳಿದಿದೆ, ನಮ್ಮದರಲ್ಲಿ ಮಾತ್ರ ಒಡ್ಡಿನೊಳಗೆ ತುಂಬಿ ನಿಂತಿದೆ ಎಂದಳು. ಒಡ್ಡನ್ನು ಒಂದು ಕಡೆ ಕಡಿದರೆ ಮುಗಿಯಿತಲ್ಲ ಎಂದೆ.

“ಕಡೀವಲ್ಲ,” ಎಂದಳು ಅವ್ವ. “ಸಲಿಕಿ ಹಿಡ್ಕೊಂಡು ಒಡ್ಡಿನ ಮ್ಯಾಲ ಕುಂತಾನ. ನನಗ ಹುಕುಂ ಆಗಿಲ್ಲ ಅಂತಾನ. ನಾ ಕಡೀತೀನಿ ಅಂದ್ರ ನನಗೂ ಮುಟ್ಟಗೊಡವಲ್ಲ.”

ಒಡ್ಡು ಅವನದು, ಹೊಲ ಅವನದು, ಅದಕ್ಕೆ ಯಾರ ಹುಕುಮೂ ಬೇಡ. ಇದು ಅವನಿಗೆ ಗೊತ್ತಿಲ್ಲವೆಂದಲ್ಲ. ಬೆಳಿಗ್ಗೆ ಇಪ್ಪತ್ತು ಜನರ ಮುಂದೆ ಅವನ ಹೆಸರಿನ ಮೇಲೆ ಗೆರೆ ಎಳೆದಿದ್ದೆ. ಆ ಗೆರೆ ನಿಜ ಎಂದು ಅವನು ತನ್ನ ಎರಡು ಎಕರೆ ಇಟ್ಟು ತೋರಿಸುತ್ತಿದ್ದ. ಇಂಥ ಮನುಷ್ಯನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಹೆಮ್ಮೆಯಾಗಬೇಕಿತ್ತು. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ಐದೂವರೆಗೆ ರಿಜಿಸ್ಟರಿನಲ್ಲಿ ಸಹಿ ಮಾಡಿ, ಶೆಡ್ಡಿಗೆ ಕೀಲಿ ಹಾಕಿ, ಹೊಲಕ್ಕೆ ಹೋದೆ. ಅವ್ವ ಬದುವಿನ ಬೇವಿನ ಮರದ ಕೆಳಗೆ ಕೂತಿದ್ದಳು. ಹೊಲದ ಒಳಗೆ ನೀರು ಕೆರೆಯಂತೆ ನಿಂತು ಮೋಡ ತೋರಿಸುತ್ತಿತ್ತು. ಸಸಿ ಒಂದೂ ಕಾಣಿಸುತ್ತಿರಲಿಲ್ಲ. ಅಪ್ಪ ಒಡ್ಡಿನ ಮೇಲೆ, ಬಿಳಿ ಅಂಗಿ ಕೆಸರಾಗಿ, ಸಲಿಕೆಯನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. 

ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಅವನ ಹತ್ತಿರ ಹೋದೆ. ಅವನು ತಲೆ ಎತ್ತಿ ನೋಡಿದ. ಸಲಿಕೆಗೆ ಕೈ ಹಾಕಿದೆ. ಅವ್ವನಿಗೆ ಮುಟ್ಟಗೊಡದವನು ನನಗೆ ಬಿಟ್ಟುಕೊಟ್ಟ. ನಾನು ನಾಲ್ಕು ಹೆಜ್ಜೆ ಆಚೆ ಹೋಗಿ, ಒಡ್ಡು ತೆಳ್ಳಗಿದ್ದ ಕಡೆ ನೋಡಿ ಸಲಿಕೆ ಎತ್ತಿದೆ.

“ಅಲ್ಲಿ ಬ್ಯಾಡ,” ಎಂದ ಅಪ್ಪ.

ನನ್ನ ಕೈ ಮೇಲೆಯೇ ನಿಂತಿತು. ಇನ್ನೊಂದು ಮಾತು ಕಾನೂನಿನದು ಬಂದರೆ ಸಲಿಕೆಯನ್ನು ನೀರಿಗೆ ಎಸೆದು ಮನೆಗೆ ಹೋಗುವವಳಿದ್ದೆ.

“ಅಲ್ಲಿ ಕಡದ್ರ ದ್ರೌಪತಿ ಹೊಲಕ್ಕ ಹೋಗ್ತದ. ಇಲ್ಲಿ ಬಾ ಸುಮೇಧಾ, ಹಳ್ಳದ ಮಗ್ಗಲಿಗಿ ಕಡಿ,” ಎಂದು, ಮೊಣಕಾಲ ಮೇಲೆ ಕೈಯೂರಿ ಎದ್ದು, ತಾನು ಕೂತಿದ್ದ ಜಾಗ ಬಿಟ್ಟುಕೊಟ್ಟ.